ಮಣ್ಣಪಳ್ಳದ ಮರಗಳು ಫೋಟೊದಲ್ಲಿ ಯಾಕೆ ಮುದ್ದೆಯಾಗುತ್ತವೆ?

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಈಗ ಮಣಿಪಾಲದಲ್ಲಿ ಮಗಳ ಮನೆಯಲ್ಲಿದ್ದೇನೆ. ದಿನಾ ಬೆಳಿಗ್ಗೆ ಮಣ್ಣಪಳ್ಳ ಕೆರೆಯ ಸುತ್ತ ವಾಕಿಂಗ್ ಹೋಗುತ್ತೇನೆ. ಅಳಿಯ ತಮ್ಮ ಹಳೆಯ ಕ್ಯಾನನ್ 1200ಡಿ ಕ್ಯಾಮರಾ ಕೊಟ್ಟಿದ್ದಾರೆ. ಜೊತೆಗೆ 18-55 ಮತ್ತು 55-250 ಲೆನ್ಸ್ ಇವೆ. ಅಲ್ಲಿಯ ನೀರು, ಮರ, ನೆರಳು ಕಣ್ಣಿಗೆ ಎಷ್ಟು ಚೆಂದ! ಫೋಟೊದಲ್ಲಿ ಮಾತ್ರ ಎಲ್ಲವೂ ಒಂದೇ ಹಸಿರು ಮುದ್ದೆ, ಆಕಾಶ ಬಿಳಿ ಕಾಗದ. ಮೊಬೈಲಿನಲ್ಲೂ ಅಷ್ಟೇ. ಅಗಲವಾಗಿ ಕಾಣುವ ಹೊಸ ಲೆನ್ಸ್ ತಗೊಂಡರೆ ಸರಿಯಾಗುತ್ತದಾ? ಮಂಡಿ ನೋವು ಇರುವುದರಿಂದ ಟ್ರೈಪಾಡ್ ಹೊತ್ತು ನಡೆಯಲು ಆಗುವುದಿಲ್ಲ.

ಉತ್ತರ: ಟೀಚರೇ, ದುಡ್ಡಿನ ವಿಷಯ ಮೊದಲು ಮುಗಿಸಿಬಿಡೋಣ. ಅಗಲದ ಲೆನ್ಸ್ ತಗೊಳ್ಳಬೇಡಿ. ಅದರಿಂದ ನಿಮ್ಮ ತೊಂದರೆ ಜಾಸ್ತಿಯೇ ಆಗುತ್ತದೆ. ಈಗ ಫೋಟೊದೊಳಗೆ ಹತ್ತು ಮರ ನುಗ್ಗುತ್ತಿದ್ದರೆ ಆಗ ಮೂವತ್ತು ನುಗ್ಗುತ್ತವೆ. ಆಚೆ ದಡ ಇನ್ನೂ ಸಣ್ಣದಾಗಿ ಒಂದು ಹಸಿರು ಗೆರೆಯಾಗುತ್ತದೆ. ನಿಮ್ಮ ಕೈಯಲ್ಲಿ ದೂರದ್ದನ್ನು ಹತ್ತಿರ ತರುವ 55-250 ಉಂಟಲ್ಲ, ಮರಗಳಿಗೆ ಅದೇ ಸರಿ. ಆ ಲೆನ್ಸನ್ನು ಎಲ್ಲರೂ ಹಕ್ಕಿಗೆ ಅಂತ ತಗೊಳ್ಳುತ್ತಾರೆ, ಹಕ್ಕಿಗೆ ಅದು ಸಾಲುವುದಿಲ್ಲ, ಆಮೇಲೆ ಕಪಾಟಿನಲ್ಲಿ ಮಲಗಿಸುತ್ತಾರೆ. ಪಾಪ.

ನಾನು ವರ್ಷಗಟ್ಟಲೆ ಮದುವೆ ಫೋಟೊ ತೆಗೆದೇ ಸಂಸಾರ ನಡೆಸಿದವನು. ಮರಗಳ ಕಡೆ ತಿರುಗಿದ್ದು ಆಮೇಲೆ. ಆದರೆ ಕೆರೆ ದಂಡೆಯಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುವುದು ಮದುವೆ ಹಾಲ್‌ನಲ್ಲಿ ಕಲಿತದ್ದೇ. ಮದುಮಗಳನ್ನು ನಿಲ್ಲಿಸುವ ಮೊದಲು ನಾವು ಅವಳ ಹಿಂದಿನ ಗೋಡೆ ನೋಡುತ್ತೇವೆ. ತಲೆಯಿಂದ ಟ್ಯೂಬ್‌ಲೈಟ್ ಮೊಳೆತ ಹಾಗೆ ಕಾಣುತ್ತದಾ? ಕೆಂಪು ಸೀರೆಯ ಹಿಂದೆ ಕೆಂಪು ಪರದೆ ಉಂಟಾ? ಹಿಂದಿನದು ಸರಿಯಾದ ಮೇಲೆ ಮುಂದೆ ಯಾರು ನಿಂತರೂ ಎದ್ದು ಕಾಣುತ್ತಾರೆ. ನೀವು ಈಗ ಮಾಡುತ್ತಿರುವುದು ಇದರ ಉಲ್ಟಾ. ಚೆಂದದ ಮರ ಕಂಡಿತು, ಕ್ಯಾಮರಾ ಎತ್ತಿದಿರಿ. ಅದರ ಹಿಂದೆ ಅದೇ ಹಸಿರಿನ ಇನ್ನೊಂದು ಮರ, ಅದರ ಹಿಂದೆ ಮತ್ತೊಂದು. ಹಸಿರು ಸೀರೆಗೆ ಹಸಿರು ಪರದೆ.

ಹಾಗಾದರೆ ಕಣ್ಣಿಗೆ ಯಾಕೆ ಮುದ್ದೆ ಕಾಣುವುದಿಲ್ಲ ಅಂತ ಕೇಳುತ್ತೀರಿ. ನಮಗೆ ಎರಡು ಕಣ್ಣು. ಎರಡೂ ಸ್ವಲ್ಪ ಬೇರೆ ಬೇರೆ ಜಾಗದಿಂದ ನೋಡುತ್ತವೆ. ಅದರ ಮೇಲೆ ನೀವು ನಡೆಯುತ್ತಾ ಇರುತ್ತೀರಿ. ಹತ್ತಿರದ ಮರ ಬೇಗ ಸರಿದುಹೋಗುತ್ತದೆ, ದೂರದ್ದು ನಿಧಾನ. ಬಸ್ಸಿನ ಕಿಟಕಿಯಿಂದ ತೆಂಗಿನ ತೋಟ ನೋಡಿದ ಹಾಗೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ಮಿದುಳು ಲೆಕ್ಕ ಹಾಕುವುದು ಇದರಿಂದಲೇ. ಕ್ಯಾಮರಾಕ್ಕೆ ಒಂದೇ ಕಣ್ಣು. ಅದೂ ನಿಂತಲ್ಲೇ ನಿಂತ ಕಣ್ಣು. ನಾಳೆ ಕೆರೆ ಹತ್ತಿರ ಹೋದಾಗ ಒಂದು ಕೆಲಸ ಮಾಡಿ. ಅಲ್ಲಾಡದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ. ಮರಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತದೆ. ಫೋಟೊ ಬರುವುದು ಹಾಗೆಯೇ. ಒಂದು ಕಣ್ಣು ಮುಚ್ಚಿದಾಗಲೂ ಬೇರೆಯಾಗಿ ಕಾಣುವ ಮರ ಸಿಕ್ಕಿತು ಅಂತಾದರೆ, ಆಗ ಕ್ಯಾಮರಾ ಎತ್ತಿ.

ನೀವು ಶಾಲೆಯಲ್ಲಿ ಎಷ್ಟೋ ಸಲ ಗ್ರೂಪ್ ಫೋಟೊಕ್ಕೆ ಮಕ್ಕಳನ್ನು ನಿಲ್ಲಿಸಿರಬಹುದು. ‘ಏ, ನೀನು ಸ್ವಲ್ಪ ಆಚೆ ಹೋಗು, ಅವಳ ಮುಖ ಕಾಣ್ಲಿ’ ಅಂತ ಹೇಳಿರುತ್ತೀರಿ. ಮರಗಳಿಗೆ ಹಾಗೆ ಹೇಳಲು ಆಗುವುದಿಲ್ಲ, ನಾವೇ ಸರಿಯಬೇಕು. ಒಂದೇ ಹೆಜ್ಜೆ ಎಡಕ್ಕೆ ಹೋದರೆ ಎರಡು ಕಾಂಡಗಳ ನಡುವೆ ಒಂದು ಗೇಣು ನೀರು ತೆರೆದುಕೊಳ್ಳುತ್ತದೆ. ಅಷ್ಟು ಸಾಕು. ಕೆರೆ ದಂಡೆಯ ದೊಡ್ಡ ಅನುಕೂಲವೇ ಇದು. ಕಾಡಿನೊಳಗೆ ಮರದ ಹಿಂದೆ ಮರವೇ. ಇಲ್ಲಿ ಮರದ ಹಿಂದೆ ನೀರು ಉಂಟು. ಕಪ್ಪು ಕಾಂಡ, ಹಿಂದೆ ಬೆಳ್ಳಗೆ ಹೊಳೆಯುವ ನೀರು. ಇದಕ್ಕಿಂತ ಒಳ್ಳೆಯ ಪರದೆ ಯಾವ ಸ್ಟುಡಿಯೊದಲ್ಲಿ ಸಿಗುತ್ತದೆ?

ಇನ್ನೊಂದು ಪರದೆ ನೆರಳು. ಬೆಳಗಿನ ಬಿಸಿಲು ಒಂದು ಮರದ ಮೇಲೆ ಬಿದ್ದಿದೆ, ಅದರ ಹಿಂದಿನ ತೋಪು ಇನ್ನೂ ನೆರಳಲ್ಲಿದೆ ಅಂತ ಇಟ್ಟುಕೊಳ್ಳಿ. ಆ ಮರ ದೀಪ ಹಚ್ಚಿದ ಹಾಗೆ ಎದ್ದು ಬರುತ್ತದೆ. ಇಂಥ ಹೊತ್ತು ಹತ್ತೇ ನಿಮಿಷ ಇರುತ್ತದೆ. ವಾಕಿಂಗ್ ಗೆಳತಿಯರು ಮುಂದೆ ಹೋದರೆ ಹೋಗಲಿ ಬಿಡಿ.

ನಿಮ್ಮ ಕ್ಯಾಮರಾದಲ್ಲೇ ಒಂದು ಉಪಾಯ ಇದೆ. ಮೆನುವಿನಲ್ಲಿ ಪಿಕ್ಚರ್ ಸ್ಟೈಲ್ ಅಂತ ಇರುತ್ತದೆ. ಅದನ್ನು ಮೋನೋಕ್ರೋಮ್‌ಗೆ ಇಡಿ, ಫೈಲ್ ಮಾತ್ರ ‘ರಾ ಪ್ಲಸ್ ಜೆಪೆಗ್’ ಇರಲಿ. ಜೆಪೆಗ್ ಅಂದರೆ ಮಾಮೂಲಿ ಫೋಟೊ, ರಾ ಅಂದರೆ ಕ್ಯಾಮರಾ ಕಂಡದ್ದನ್ನು ಹಾಗೇ ಇಡುವ ಫೈಲ್. ಕ್ಯಾಮರಾದ ಹಿಂದಿನ ಸ್ಕ್ರೀನಿನಲ್ಲಿ ಕಪ್ಪು ಬಿಳುಪು ಕಾಣುತ್ತದೆ, ರಾ ಫೈಲಿನಲ್ಲಿ ಬಣ್ಣ ಹಾಗೇ ಉಳಿದಿರುತ್ತದೆ. ಕಪ್ಪು ಬಿಳುಪಿನಲ್ಲಿ ಮರ ಕಳೆದುಹೋದರೆ ಅದರ ಬೆಳಕು ಮತ್ತು ಹಿಂದಿನದರ ಬೆಳಕು ಒಂದೇ ಅಂತ ಅರ್ಥ. ಒಂದು ವಾರ ಹೀಗೆ ಅಭ್ಯಾಸ ಮಾಡಿ. ಆಮೇಲೆ ಸ್ಕ್ರೀನ್ ನೋಡುವ ಅಗತ್ಯವೇ ಬೀಳುವುದಿಲ್ಲ. ನಾನಂತೂ ಇದನ್ನು ಕಲಿತದ್ದು ಕಪ್ಪು ಬಿಳುಪು ರೀಲಿನ ಕಾಲದಲ್ಲಿ, ಬೇರೆ ದಾರಿ ಇಲ್ಲದೆ.

ಈಗ ಬೆಳಕಿನ ಕಡೆ ಬರುತ್ತೇನೆ. ಯುಟ್ಯೂಬ್‌ನಲ್ಲಿ ಹೊರದೇಶದವರು ‘ಗೋಲ್ಡನ್ ಅವರ್’ ಅಂತ ಹೇಳುವುದನ್ನು ನೀವೂ ಕೇಳಿರಬಹುದು, ಅಂದರೆ ಸೂರ್ಯ ತಗ್ಗಿನಲ್ಲಿರುವಾಗ ಸಿಗುವ ಬಂಗಾರದ ಬೆಳಕಿನ ಹೊತ್ತು. ನಮ್ಮಲ್ಲಿ ಅದು ಅವರ್ ಅಲ್ಲ ಮಾರಾಯ್ರೇ, ಅರ್ಧ ಗಂಟೆಯೂ ಅಲ್ಲ. ಉಡುಪಿ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಏರುತ್ತಾನೆ, ನೆಟ್ಟಗೆ ಇಳಿಯುತ್ತಾನೆ. ದಿಗಂತದಿಂದ 6 ಡಿಗ್ರಿ ಮೇಲೆ ಬಂದರೆ ಆ ಬೆಳಕು ಹೋದ ಹಾಗೆ, ಅಷ್ಟು ಏರಲು ಅವನಿಗೆ ಸುಮಾರು 25 ನಿಮಿಷ ಸಾಕು. ಲಂಡನ್ನಿನ ಚಳಿಗಾಲದಲ್ಲಿ ಓರೆಯಾಗಿ ಏರುವುದರಿಂದ ಇದರ ಎರಡರಷ್ಟು ಹೊತ್ತು ಬೇಕು. ಅದರಲ್ಲೂ ಪೂರ್ವದ ಕಡೆ ಮರ, ಕಟ್ಟಡ ಅಡ್ಡ ಇದ್ದರೆ ಮೊದಲ ಕೆಲವು ನಿಮಿಷ ಅಲ್ಲೇ ಹೋಯಿತು. ಹಾಗಾಗಿ ಬೆಳಕು ಬಂದ ಮೇಲೆ ಜಾಗ ಹುಡುಕಲು ಹೊರಟರೆ ಆಗುವುದಿಲ್ಲ. ಹಿಂದಿನ ದಿನವೇ ನೋಡಿಟ್ಟ ಜಾಗದಲ್ಲಿ ಹೋಗಿ ನಿಂತಿರಬೇಕು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯೋದಯ ಹತ್ತಿರ ಹತ್ತಿರ 6.50ಕ್ಕೆ, ಜೂನ್‌ನಲ್ಲಿ 6 ಗಂಟೆಯ ಆಸುಪಾಸು.

ಸೂರ್ಯ ಹುಟ್ಟುವ ಜಾಗವೂ ಒಂದೇ ಅಲ್ಲ. ಡಿಸೆಂಬರಿನಿಂದ ಜೂನ್‌ಗೆ ಬರುವಾಗ ಅದು ದಕ್ಷಿಣದಿಂದ ಉತ್ತರಕ್ಕೆ ಸುಮಾರು 48 ಡಿಗ್ರಿ ಸರಿಯುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಯ ಅಗಲ ಹತ್ತಿರ ಹತ್ತಿರ 10 ಡಿಗ್ರಿ. ಅಂಥ ಐದು ಮುಷ್ಟಿ. ಮಕರ ಸಂಕ್ರಾಂತಿಯ ಹೊತ್ತಿಗೆ ಬಿಸಿಲು ಬಿದ್ದು ಹೊಳೆಯುತ್ತಿದ್ದ ಮರ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಪಕ್ಕದ ಮರದ ನೆರಳಲ್ಲಿ ಇರಬಹುದು. ‘ಹೋದ ವರ್ಷ ಇಲ್ಲೇ ಎಷ್ಟು ಚೆಂದ ಬಂದಿತ್ತು, ಈಗ ಯಾಕೋ ಬರ್ತಿಲ್ಲ’ ಅಂತ ಜನ ಕ್ಯಾಮರಾಕ್ಕೆ ಬೈಯುತ್ತಾರೆ. ಸರಿದದ್ದು ಸೂರ್ಯ.

ಬೆಳಿಗ್ಗೆ ಯಾವ ದಡದಲ್ಲಿ ನಿಲ್ಲಬೇಕು? ಸೂರ್ಯನಿಗೆ ಬೆನ್ನು ಹಾಕಿ ಪೂರ್ವದ ದಡದಲ್ಲಿ ನಿಂತರೆ ಎದುರಿನ ಮರಗಳು ಬಂಗಾರದ ಬಣ್ಣದಲ್ಲಿ ಕಾಣುತ್ತವೆ, ನೀರಿನಲ್ಲಿ ಅದರ ಬಿಂಬವೂ ಸಿಗುತ್ತದೆ. ಇದು ಸುಲಭದ ಫೋಟೊ, ಎಲ್ಲರಿಗೂ ಇಷ್ಟವಾಗುತ್ತದೆ. ನನಗೆ ಇಷ್ಟ ಇನ್ನೊಂದು. ಪಶ್ಚಿಮದ ದಡಕ್ಕೆ ಹೋಗಿ ಸೂರ್ಯನ ಕಡೆ ಮುಖ ಮಾಡಿ ನಿಲ್ಲಿ. ಎಲೆಯ ಹಿಂದಿನಿಂದ ಬೆಳಕು ಬಂದಾಗ ಅದು ಎಲೆಯೊಳಗೆ ತೂರಿ ಹಳದಿ ಮಿಶ್ರಿತ ಹಸಿರಾಗಿ ಹೊರಬರುತ್ತದೆ. ಎದುರಿನಿಂದ ಬಿದ್ದ ಬೆಳಕು ಎಲೆಯ ಮೇಣದಂಥ ಮೈಗೆ ಬಡಿದು ಬಿಳಿಯಾಗಿ ವಾಪಸಾಗುತ್ತದೆ, ಹಸಿರು ಸಪ್ಪೆಯಾಗುತ್ತದೆ. ಹಲಸಿನ ಎಲೆಯಲ್ಲಿ ಈ ವ್ಯತ್ಯಾಸ ತುಂಬಾ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಎಲೆ ಕೊಯ್ದು ಬೆಳಕಿಗೆ ಎರಡೂ ರೀತಿ ಹಿಡಿದು ನೋಡಿ. ಸೂರ್ಯ ನೇರ ಲೆನ್ಸಿಗೆ ಹೊಡೆಯದ ಹಾಗೆ ಯಾವುದಾದರೂ ಕಾಂಡದ ಹಿಂದೆ ಅವನನ್ನು ಅಡಗಿಸಿ, ಅಥವಾ ಎಡಗೈಯನ್ನು ಲೆನ್ಸಿನ ಮೇಲೆ ಟೊಪ್ಪಿಯ ಹಾಗೆ ಹಿಡಿಯಿರಿ.

ಬೆಳಿಗ್ಗೆ ಹೋಗಬೇಕು ಅನ್ನಲು ಇನ್ನೂ ಒಂದು ಕಾರಣ ಗಾಳಿ. ನಮ್ಮ ಕರಾವಳಿಯಲ್ಲಿ ಬಿಸಿಲು ಏರಿದ ಹಾಗೆ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ಕಾದ ನೆಲದ ಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಮಳೆಗಾಲ ಬಿಟ್ಟರೆ ಬೆಳಗಿನ ಹೊತ್ತು ಹೆಚ್ಚಾಗಿ ನೀರು ಕನ್ನಡಿಯ ಹಾಗೆ ಇರುತ್ತದೆ. ಕಡಲ ಗಾಳಿ ಎದ್ದ ಮೇಲೆ ಸಣ್ಣ ಸಣ್ಣ ಅಲೆ ಶುರು, ಬಿಂಬ ಪುಡಿಪುಡಿ. ಅದರ ಮೇಲೆ ದೋಣಿಯೂ ಹೊರಟರೆ ಮುಗಿಯಿತು.

ಬಿಂಬದ ವಿಷಯ ಬಂತು, ಸ್ವಲ್ಪ ಹೆಚ್ಚು ಹೇಳುತ್ತೇನೆ. ನೀರು ಎಲ್ಲ ಕೋನದಲ್ಲೂ ಒಂದೇ ಥರ ಕನ್ನಡಿಯಾಗುವುದಿಲ್ಲ. ನೇರ ಕೆಳಗೆ ನೋಡಿದರೆ ಅದು ಬಿದ್ದ ಬೆಳಕಿನ ಶೇಕಡಾ 2ರಷ್ಟನ್ನು ಮಾತ್ರ ವಾಪಸ್ ಕೊಡುತ್ತದೆ. ಹಾಗಾಗಿ ಕಾಲ ಬುಡದ ನೀರಲ್ಲಿ ಕೆಸರು, ಎಲೆ, ಮೀನು ಎಲ್ಲ ಕಾಣುತ್ತವೆ. ನೀರಿನ ಮೈಗೆ 10 ಡಿಗ್ರಿಯಷ್ಟೇ ಓರೆಯಲ್ಲಿ ನೋಡಿದರೆ ಶೇಕಡಾ 35ರ ಹತ್ತಿರ ವಾಪಸ್ ಬರುತ್ತದೆ. ಅಂದರೆ ಕ್ಯಾಮರಾ ತಗ್ಗಿದಷ್ಟೂ ಬಿಂಬ ಗಟ್ಟಿಯಾಗುತ್ತದೆ. ಎಷ್ಟೇ ಗಟ್ಟಿಯಾದರೂ ಅದು ನಿಜವಾದ ಮರಕ್ಕಿಂತ ಸ್ವಲ್ಪ ಕಪ್ಪೇ. ಬಿಂಬ ಮೇಲಿನದಕ್ಕಿಂತ ಬೆಳ್ಳಗೆ ಕಂಡ ಫೋಟೊ ನೋಡಿದರೆ, ಯಾರೋ ಕಂಪ್ಯೂಟರಿನಲ್ಲಿ ಕೈಯಾಡಿಸಿರಬಹುದು ಅಂತ ತಿಳಿಯಿರಿ.

ಆದರೆ ನಿಮ್ಮ ಮಂಡಿ ಬಗ್ಗುವುದಿಲ್ಲ, 1200ಡಿಯ ಪರದೆ ತಿರುಗುವುದಿಲ್ಲ. ಇಲ್ಲಿ ಮೊಬೈಲೇ ಗೆಲ್ಲುತ್ತದೆ. ಮೊಬೈಲನ್ನು ತಲೆಕೆಳಗು ಹಿಡಿಯಿರಿ. ಲೆನ್ಸ್ ಕೆಳಗೆ ಬರುತ್ತದೆ, ನೀರಿನಿಂದ ಅದು ನಾಲ್ಕು ಬೆರಳು ಮೇಲೆ ಇರುತ್ತದೆ. ಫೋಟೊ ತಾನಾಗಿ ಸರಿ ತಿರುಗಿಕೊಳ್ಳುತ್ತದೆ. ನೀವು ಅಂಚಿನ ಕಲ್ಲಿನ ಮೇಲೆ ಕೂತು ಕೈ ಮಾತ್ರ ತಗ್ಗಿಸಿದರೆ ಸಾಕು. ಮೊಬೈಲಿನ ಕುಣಿಕೆಯನ್ನು ಮಣಿಕಟ್ಟಿಗೆ ಹಾಕಿಕೊಳ್ಳುವುದು ಮರೆಯಬೇಡಿ. ಮಳೆಗಾಲದಲ್ಲಿ ಮಾತ್ರ ಈ ಸಾಹಸ ಬೇಡವೇ ಬೇಡ. ಮುರಕಲ್ಲಿನ ಮೇಲೆ ಪಾಚಿ ಕಟ್ಟಿದರೆ ಎಣ್ಣೆ ಹಾಕಿದ ಹಾಗೆ ಜಾರುತ್ತದೆ. ಒಂದು ಬಿಂಬಕ್ಕಾಗಿ ಸೊಂಟ ಮುರಿದುಕೊಳ್ಳುವುದು ಎಂತಕ್ಕೆ?

ಮೊಬೈಲಿನ ಬಗ್ಗೆ ಉಳಿದದ್ದು ಚಿಕ್ಕದು. 0.5ರ ಅಗಲದ ಕಣ್ಣು ಮರಗಳಿಗೆ ಬೇಡ, 2 ಅಥವಾ 3ರ ಕಣ್ಣು ಇದ್ದರೆ ಅದನ್ನೇ ಬಳಸಿ. ಪೋರ್ಟ್ರೇಟ್ ಮೋಡ್ ಹಾಕಿದರೆ ಎಲೆಗಳ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮಾಡುತ್ತದೆ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದು, ಬೆಳಕು ಸ್ವಲ್ಪ ಕಡಿಮೆ ಮಾಡಿ ತೆಗೆಯಿರಿ.

ನಿಮ್ಮ ಬಿಳಿ ಆಕಾಶದ ದೂರು. ಇದರಲ್ಲಿ ತಪ್ಪು ನಿಮ್ಮದಲ್ಲ. ಫೆಬ್ರವರಿಯಿಂದ ಮೇ ತನಕ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ಆ ತೇವದಲ್ಲಿ ಬೆಳಕು ಚದುರಿ ಆಕಾಶ ನಿಜವಾಗಿಯೂ ಹಾಲಿನ ಹಾಗೆ ಇರುತ್ತದೆ. ಇಲ್ಲದ ನೀಲಿಯನ್ನು ಯಾವ ಲೆನ್ಸೂ ತರುವುದಿಲ್ಲ. ನನ್ನ ಪರಿಹಾರ ಸ್ವಲ್ಪ ಒರಟು: ಆಕಾಶವನ್ನು ಫೋಟೊದಿಂದ ಹೊರಗೆ ಹಾಕಿ. 55-250ರಲ್ಲಿ 100ರಿಂದ 200ರ ನಡುವೆ ಇಟ್ಟು ಆಚೆ ದಡದ ಮರಗಳ ಸೊಂಟದಿಂದ ಕೆಳಗೆ, ನೀರಿನ ತನಕ ತೆಗೆಯಿರಿ. ಇಡೀ ಮರ ಬರಲೇಬೇಕು ಅಂತ ಯಾರು ಹೇಳಿದರು? ಮದುವೆ ಆಲ್ಬಮ್ಮಿನಲ್ಲೂ ಎಲ್ಲ ಫೋಟೊಗಳಲ್ಲಿ ಮದುಮಗಳ ಕಾಲು ಕಾಣುವುದಿಲ್ಲ ಅಲ್ವಾ. ನಾಲ್ಕು ಕಾಂಡ, ಅವುಗಳ ಬಿಂಬ, ನಡುವೆ ಒಂದು ಬೆಳ್ಳಕ್ಕಿ. ಆಯಿತಲ್ಲ.

ಎತ್ತರದ ಮರ ಪೂರ್ತಿ ಬೇಕೇ ಬೇಕು ಅಂತಾದರೆ ಬುಡದಲ್ಲಿ ನಿಂತು ಕ್ಯಾಮರಾವನ್ನು ಮೇಲಕ್ಕೆ ವಾಲಿಸಬೇಡಿ. ಹಾಗೆ ಮಾಡಿದರೆ ಮರಗಳು ಹಿಂದಕ್ಕೆ ಮಗುಚಿ ಬೀಳುತ್ತಿರುವಂತೆ ಕಾಣುತ್ತವೆ. ದೂರ ಹೋಗಿ, ಕೆರೆಯ ಈಚೆಯಿಂದ ನೇರವಾಗಿ ಹಿಡಿಯಿರಿ.

ಕ್ಯಾಮರಾದ ಗುಂಡಿಗಳು. ಡಯಲ್ಲನ್ನು ‘ಎವಿ’ಗೆ ಇಡಿ, ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಎಫ್ 8. ಐಎಸ್‌ಒ ಅಂದರೆ ಕ್ಯಾಮರಾ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕೆ. ಬೆಳಿಗ್ಗೆ ಬಯಲಿನಲ್ಲಿ ಐಎಸ್‌ಒ 400, ಮರದಡಿಯಲ್ಲಿ 800. ಶಟರ್, ಅಂದರೆ ಬೆಳಕು ಒಳಗೆ ಬೀಳುವ ಹೊತ್ತು, 1/125 ಸೆಕೆಂಡಿಗಿಂತ ನಿಧಾನ ಆದರೆ ಐಎಸ್‌ಒ ಏರಿಸಿ. ಲೆನ್ಸಿನಲ್ಲಿ ಕೈ ನಡುಕ ತಡೆಯುವ ಐಎಸ್ ಸ್ವಿಚ್ ಉಂಟು, ಅದು ಆನ್ ಇರಲಿ. ಆದರೆ ಅದು ನಿಮ್ಮ ಕೈಯನ್ನು ಹಿಡಿಯುತ್ತದೆ, ಗಾಳಿಗೆ ಅಲ್ಲಾಡುವ ಎಲೆಯನ್ನು ಹಿಡಿಯುವುದಿಲ್ಲ. ಎಫ್ 16, ಎಫ್ 22 ಅಂತ ಹೋಗಬೇಡಿ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿ ಫೋಟೊ ಮಸುಕಾಗುತ್ತದೆ.

ಕ್ಯಾಮರಾದೊಳಗೆ ಬೆಳಕು ಅಳೆಯುವ ಎಕ್ಸ್‌ಪೋಶರ್ ಮೀಟರ್ ಬಗ್ಗೆ ಒಂದು ಮಾತು. ಅದು ಕಂಡದ್ದನ್ನೆಲ್ಲ ಮಧ್ಯಮ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ನೀರಿನ ಮೇಲೆ ತೆಳು ಮಂಜು ಎದ್ದಾಗ ಅದನ್ನು ಕೊಳಕು ಬೂದಿಯ ಹಾಗೆ ಮಾಡಿಬಿಡುತ್ತದೆ. ಆಗ ಹಿಂದಿರುವ ‘ಎವಿ ಪ್ಲಸ್ ಮೈನಸ್’ ಗುಂಡಿ ಒತ್ತಿ ಹಿಡಿದು, ಮೇಲಿನ ಚಕ್ರ ತಿರುಗಿಸಿ ಪ್ಲಸ್ 1ಕ್ಕೆ ತನ್ನಿ. ಕಪ್ಪು ತೋಪಿನ ಮುಂದೆ ಬಿಸಿಲು ಬಿದ್ದ ಒಂದೇ ಮರ ಇದ್ದರೆ ಉಲ್ಟಾ, ಮೈನಸ್ 1. ಇಲ್ಲದಿದ್ದರೆ ಕ್ಯಾಮರಾ ಕಪ್ಪನ್ನು ಬೆಳ್ಳಗೆ ಮಾಡಲು ಹೋಗಿ ಮರವನ್ನು ಸುಟ್ಟುಹಾಕುತ್ತದೆ.

ಮಂಜು ಬಿದ್ದ ದಿನ ದಯವಿಟ್ಟು ಮನೆಯಲ್ಲಿ ಕೂರಬೇಡಿ. ನಾನು ಮೇಲೆ ಹೇಳಿದ್ದೆಲ್ಲವನ್ನೂ ಮಂಜು ತಾನೇ ಮಾಡಿಕೊಡುತ್ತದೆ. ಹತ್ತಿರದ ಮರ ಕಪ್ಪು, ಅದರ ಹಿಂದಿನದು ಬೂದು, ಅದರಾಚೆಯದು ಬರೀ ನೆರಳು. ಹಿಂದಿರುವ ಅಪಾರ್ಟ್‌ಮೆಂಟು, ಟವರು ಎಲ್ಲ ಮಾಯ. ಕೆರೆಯ ನೀರು ರಾತ್ರಿಯಿಡೀ ಬೆಚ್ಚಗೆ ಉಳಿದು, ಮೇಲಿನ ಗಾಳಿ ತಣ್ಣಗಾದಾಗ ಇದು ಏಳುತ್ತದೆ. ಹಿಂದಿನ ರಾತ್ರಿ ಮೋಡ ಇಲ್ಲದೆ, ಗಾಳಿ ಇಲ್ಲದೆ, ಸ್ವಲ್ಪ ಚಳಿ ಅನಿಸಿದರೆ ಬೆಳಿಗ್ಗೆ ಬೇಗ ಏಳಿ. ಬಿಸಿಲು ತಾಗಿದ ಮೇಲೆ ಜಾಸ್ತಿ ಹೊತ್ತು ಉಳಿಯುವುದಿಲ್ಲ.

ಮಳೆಗಾಲ ಬಂದರೆ ಎಲ್ಲರೂ ಕ್ಯಾಮರಾ ಒಳಗಿಡುತ್ತಾರೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದರೆ ಕ್ಯಾಮರಾ ಒಳಗಿಟ್ಟವರು ವರ್ಷದ ಮೂರನೇ ಒಂದು ಭಾಗವನ್ನೇ ಬಿಟ್ಟ ಹಾಗೆ. ಮೋಡ ಅಂದರೆ ಆಕಾಶದಷ್ಟು ದೊಡ್ಡ ಬಿಳಿ ಕೊಡೆ. ಸ್ಟುಡಿಯೊದಲ್ಲಿ ನಾವು ದುಡ್ಡು ಕೊಟ್ಟು ಇಡುವ ಕೊಡೆಯದ್ದೇ ಕೆಲಸ. ಗಟ್ಟಿ ನೆರಳಿಲ್ಲ, ಒದ್ದೆ ಕಾಂಡ ಕಪ್ಪಗೆ, ಪಾಚಿ ಹಸಿರಾಗಿ ಹೊಳೆಯುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಹಾಳೆ ಮರ ನೋಡಿ. ನಾವು ಪಾಲೆ ಅನ್ನುತ್ತೇವಲ್ಲ, ಆಟಿ ಅಮಾವಾಸ್ಯೆಗೆ ತೊಗಟೆ ತಂದು ಕಷಾಯ ಮಾಡುವ ಮರ. ಅದರ ಕೊಂಬೆಗಳು ಅಂತಸ್ತು ಅಂತಸ್ತಾಗಿ ಸುತ್ತ ಚಾಚುತ್ತವೆ, ಎಲೆಗಳು ಚಕ್ರದ ಹಾಗೆ ಕೂರುತ್ತವೆ. ಮಳೆ ನಿಂತ ಹತ್ತು ನಿಮಿಷದಲ್ಲಿ ಅದರ ಫೋಟೊ ತೆಗೆದರೆ ಒಂದೊಂದು ಅಂತಸ್ತೂ ಬೇರೆಯಾಗಿ ಕಾಣುತ್ತದೆ.

ಇಲ್ಲಿ ಬೇಕಾಗುವುದು ಪೋಲರೈಸರ್ ಫಿಲ್ಟರ್, ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಒಂದು ಗಾಜು. ನೀವು ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಇದಕ್ಕೆ ಮಾಡಿ, ಒಂದೆರಡು ಸಾವಿರದೊಳಗೆ ಆಗುತ್ತದೆ. ಒದ್ದೆ ಎಲೆಯ ಮೇಲಿನ ಬಿಳಿ ಹೊಳಪನ್ನು ಅದು ಕಳೆಯುತ್ತದೆ, ಕೆಳಗಿರುವ ಹಸಿರು ಹೊರಬರುತ್ತದೆ. ಇದನ್ನು ಯಾವ ಮೊಬೈಲ್ ಆ್ಯಪೂ ಮಾಡಲಾರದು. ಹೊಳಪು ಮುಚ್ಚಿಟ್ಟ ಬಣ್ಣ ಫೈಲಿನಲ್ಲೇ ಇರುವುದಿಲ್ಲವಲ್ಲ. ನಿಮ್ಮ ಎರಡೂ ಲೆನ್ಸಿನ ಮುಂಭಾಗದಲ್ಲಿ 58 ಅಂತ ಅಳತೆ ಬರೆದಿದೆಯಾ ನೋಡಿ. ಈ ಜೋಡಿಯಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ. ಹಾಗಿದ್ದರೆ ಒಂದೇ ಫಿಲ್ಟರ್ ಎರಡಕ್ಕೂ ಆಗುತ್ತದೆ. ಆದರೆ ಜೋಪಾನ, ಅದು ಎಲೆಯ ಹೊಳಪನ್ನು ತೆಗೆಯುವ ಹಾಗೆಯೇ ನೀರಿನ ಬಿಂಬವನ್ನೂ ತೆಗೆಯುತ್ತದೆ. ತಿರುಗಿಸುತ್ತಾ ನೋಡಿ, ಬಿಂಬ ಬೇಕಾದರೆ ಬಿಂಬ ಕಾಣುವಲ್ಲಿ ನಿಲ್ಲಿಸಿ. ಇನ್ನೊಂದು ಕಿರಿಕಿರಿ ಏನೆಂದರೆ, ಹಳೆಯ ಮಾದರಿಯ 18-55, 55-250ರಲ್ಲಿ ಫೋಕಸ್ ಆಗುವಾಗ ಲೆನ್ಸಿನ ಮೂತಿಯೂ ತಿರುಗುತ್ತದೆ. ಮೊದಲು ಗುಂಡಿ ಅರ್ಧ ಒತ್ತಿ ಫೋಕಸ್ ಮಾಡಿ, ಒತ್ತಿಹಿಡಿದುಕೊಂಡೇ ಫಿಲ್ಟರ್ ತಿರುಗಿಸಿ, ಆಮೇಲೆ ಪೂರ್ತಿ ಒತ್ತಿ. ಫಿಲ್ಟರ್ ಹಾಕಿದಾಗ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಐಎಸ್‌ಒ ಏರಿಸಬೇಕಾಗಬಹುದು.

ಮಳೆಗಾಲದ ಫೋಟೊ ತೆಗೆಯಿರಿ ಅಂದೆ, ಆದರೆ ಲೆನ್ಸ್ ಕಾಪಾಡುವುದನ್ನು ಹೇಳದಿದ್ದರೆ ನಿಮ್ಮ ಅಳಿಯ ನನಗೆ ಬೈದಾರು. ಒಂದು ವರ್ಷ ಜೂನ್‌ನಲ್ಲಿ ನನ್ನ ಒಳ್ಳೆಯ ಲೆನ್ಸೊಂದನ್ನು ಅದರ ಚರ್ಮದ ಚೀಲದಲ್ಲೇ ಇಟ್ಟು ಗೋದ್ರೇಜಿಗೆ ಹಾಕಿದೆ. ಚೌತಿ ಹಬ್ಬಕ್ಕೆ ಹೊರಗೆ ತೆಗೆದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬೂಷ್ಟು. ರಿಪೇರಿಯವರು ಬಿಚ್ಚಿ ಒರೆಸಿ ಕೊಟ್ಟರು. ಬೂಷ್ಟು ಹೋಯಿತು, ಅದು ತಿಂದ ಲೇಪ ವಾಪಸ್ ಬರಲಿಲ್ಲ. ಗಾಳಿಯ ತೇವ ಶೇಕಡಾ 60 ದಾಟಿದರೆ ಬೂಷ್ಟಿಗೆ ಹಬ್ಬ, ನಮ್ಮ ಮಳೆಗಾಲದಲ್ಲಿ ಅದು 80, 90 ಇರುವುದು ಮಾಮೂಲು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಸಣ್ಣ ಮೀಟರ್ ಇಡಿ. ಮೀಟರ್ 40ರಿಂದ 50ರೊಳಗೆ ಇರಲಿ. ಬಣ್ಣ ಬದಲಾದಾಗ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಅಡಿಗೆಯ ಬಾಣಲೆ ಬೇಡ, ಬೇರೆ ಹಳೆಯದು ಇರಲಿ. ಅಕ್ಕಿಯೊಳಗೆ ಹುಗಿದಿಡುವ ಉಪಾಯ ಕೆಲವರು ಹೇಳುತ್ತಾರೆ. ಅಕ್ಕಿಯ ಧೂಳು ಲೆನ್ಸಿನೊಳಗೆ ಹೋಗುತ್ತದೆ, ಅಷ್ಟೇ ಲಾಭ. ಚರ್ಮದ ಚೀಲವನ್ನು ಮಾತ್ರ ಯಾರಿಗಾದರೂ ಕೊಟ್ಟುಬಿಡಿ.

ಮಗಳ ಮನೆಯಲ್ಲಿ ಎಸಿ ಇದ್ದರೆ ಇನ್ನೊಂದು ಸಂಗತಿ. ತಣ್ಣಗಿನ ಕೋಣೆಯಿಂದ ಸೀದಾ ಹೊರಗೆ ತಂದರೆ ಗಾಜಿನ ಮೇಲೆ ಆವಿ ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ರಾತ್ರಿಯೇ ಡಬ್ಬವನ್ನು ಎಸಿ ಇಲ್ಲದ ಹಾಲ್‌ನಲ್ಲಿ ಇಟ್ಟು ಮಲಗಿ.

ಮನೆಗೆ ಬಂದ ಮೇಲೆ ಎಡಿಟಿಂಗ್ ಎಷ್ಟು ಮಾಡಬೇಕು? ಸ್ವಲ್ಪ. ಹಸಿರಿನ ಗುಂಡಿಯನ್ನು ಮೇಲಕ್ಕೆ ಎಳೆಯಬೇಡಿ, ಹತ್ತು ಅಂಕ ಕೆಳಕ್ಕೆ ಎಳೆದು ನೋಡಿ. ಕ್ಯಾಮರಾದ ಲ್ಯಾಂಡ್‌ಸ್ಕೇಪ್ ಸ್ಟೈಲ್ ಮೊದಲೇ ಹಸಿರು, ನೀಲಿಯನ್ನು ಏರಿಸಿರುತ್ತದೆ. ಅದರ ಮೇಲೆ ನೀವೂ ಏರಿಸಿದರೆ ಪೇಂಟ್ ಅಂಗಡಿಯ ಕ್ಯಾಟಲಾಗ್ ಆಗುತ್ತದೆ. ಮಾವಿನ ಚಿಗುರು ತಾಮ್ರದ ಬಣ್ಣ, ಹಲಸಿನ ಎಲೆ ಕಪ್ಪು ಹಸಿರು, ಅಕೇಶಿಯಾ ಬೂದಿ ಹಸಿರು, ಬಾದಾಮಿ ಮರದ ಉದುರುವ ಎಲೆ ಕೆಂಪು. ಈ ವ್ಯತ್ಯಾಸ ಉಳಿದರೆ ಮರಗಳೂ ಬೇರೆ ಬೇರೆಯಾಗಿ ಉಳಿಯುತ್ತವೆ. ಎಲ್ಲವನ್ನೂ ಒಂದೇ ಹಸಿರು ಮಾಡಿದರೆ ಮತ್ತೆ ಮುದ್ದೆ.

ಮಣ್ಣಪಳ್ಳ ಸಾಕೆನಿಸಿದ ದಿನ, ಮಣಿಪಾಲದಲ್ಲೇ ಎಂಡ್ ಪಾಯಿಂಟ್‌ನಿಂದ ಸ್ವರ್ಣಾ ನದಿಯ ಕಣಿವೆ ಕಾಣುತ್ತದೆ. ಅಲ್ಲೂ 55-250ರಂಥ ಉದ್ದದ ಲೆನ್ಸೇ. ಕಾರ್ಕಳದ ಆನೆಕೆರೆಯಲ್ಲಿ ನೀರಿನ ನಡುವೆ ಬಸದಿ ಉಂಟು, ಬಿಂಬಕ್ಕೆ ಒಳ್ಳೆಯದು. ಮಂಗಳೂರಿಗೆ ಹೋದರೆ ಪಿಲಿಕುಳದ ಕೆರೆ. ಪಶ್ಚಿಮ ಘಟ್ಟದ ಮರಗಳನ್ನು ಬೆಳೆಸಿದ ಸಸ್ಯತೋಟವೂ ಅಲ್ಲಿದೆ. ಆದರೆ ಬೆಳಿಗ್ಗೆ 6.30ಕ್ಕೆ ಚಪ್ಪಲಿ ಮೆಟ್ಟಿ ನಡೆದು ಹೋಗಬಹುದಾದ ಕೆರೆಗೆ ಇವು ಯಾವುದೂ ಸಮ ಅಲ್ಲ. ಒಂದೇ ಜಾಗಕ್ಕೆ ನೂರು ಸಲ ಹೋದವರಿಗೆ ಸಿಗುವ ಫೋಟೊ ಪ್ರವಾಸಕ್ಕೆ ಬಂದವರಿಗೆ ಸಿಗುವುದಿಲ್ಲ. ಅದರಲ್ಲಿ ನೀವು ನನಗಿಂತ ಮುಂದೆ ಇದ್ದೀರಿ.

ಉದ್ದದ ಲೆನ್ಸ್ ಹಿಡಿದು ಕೆರೆಯಾಚೆ ಗುರಿಯಿಟ್ಟರೆ ಬೆಂಚಿನ ಮೇಲೆ ಕೂತ ಕಾಲೇಜು ಮಕ್ಕಳು ಗಾಬರಿಯಾಗುತ್ತಾರೆ, ಅದೂ ಗೊತ್ತಿರಲಿ. ಮುಖ ಗುರುತು ಸಿಗುವ ಹಾಗೆ ಬಂದರೆ ಕೇಳಿ, ಇಲ್ಲವೇ ಅಳಿಸಿ. ಟೀಚರ್ ಅಂತ ಹೇಳಿದರೆ ಯಾರೂ ಬೇಡ ಅನ್ನಲಿಕ್ಕಿಲ್ಲ.

ಒಂದು ಹೋಂವರ್ಕ್ ಕೊಡುತ್ತೇನೆ, ನೀವು ಎಷ್ಟೋ ಜನಕ್ಕೆ ಕೊಟ್ಟವರು, ಬೇಸರ ಮಾಡಬೇಡಿ. ಒಂದು ವಾರ 18-55 ಮನೆಯಲ್ಲೇ ಇರಲಿ. ದಿನಕ್ಕೆ ಮೂರೇ ಫೋಟೊ, ಮೂರರಲ್ಲೂ ಆಕಾಶ ಬರಬಾರದು. ಒಂದು ಕಣ್ಣು ಮುಚ್ಚಿ ನೋಡಿದ ಮೇಲೆಯೇ ಗುಂಡಿ ಒತ್ತುವುದು. ಇಪ್ಪತ್ತೊಂದು ಫೋಟೊ ಆದ ಮೇಲೆ ನನಗೆ ಕಳಿಸಿ. ಚೆಂದ ಬಂದದ್ದರ ಜೊತೆ ಕೆಟ್ಟದ್ದೂ ಇರಲಿ, ನನಗೆ ನೋಡಲಿಕ್ಕೆ ಅವೇ ಹೆಚ್ಚು ಬೇಕು.